ಭೀಮಾತೀರದ ಬಾತುಬೇಟೆ: ದಾರಿ ತೋರಿಸಿದವನ ಪಾಲು

ಪುಷ್ಯ ಮಾಘ ಮಾಸಗಳ ಚಳಿಯಲ್ಲಿ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಕೆರೆಗಳನ್ನೂ ಭೀಮಾನದಿಯ ಮಡುಗಳನ್ನೂ ಬೆಳಗಿನ ಜಾವದಲ್ಲಿ ಕಂಡವರಿಗೆ ಆ ನೀರಿನ ಮೇಲೆ ತೇಲುವ ದೂರದೇಶದ ಅತಿಥಿಗಳ ಪರಿಚಯವಿರುತ್ತದೆ. ಸೂಜಿಬಾಲದ ಬಾತು, ಚಲುಕದ ಬಾತು, ಕಾವ್ಯಗಳಲ್ಲಿ ವಿರಹಕ್ಕೆ ಹೆಸರಾದ ಚಕ್ರವಾಕ, ಹಿಮಾಲಯದ ಶಿಖರಗಳನ್ನೇ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತು ಮೊದಲಾದವು ಮಧ್ಯ ಏಷ್ಯದಿಂದಲೂ ಸೈಬೀರಿಯದಿಂದಲೂ ಚಳಿಗಾಲ ಕಳೆಯಲು ದಖ್ಖನಿನ ನೀರುಗಳಿಗೆ ಇಳಿಯುತ್ತವೆ. ವರಟೆ, ಸಿಳ್ಳೆಬಾತುಗಳಂತಹವು ಇಲ್ಲಿಯವೇ ಆಗಿವೆ. ಆಳಂದ ಸೀಮೆಯಲ್ಲಿ ಹರಿಯುವ ಅಮರ್ಜೆಯು ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಹಿಂಗಾರಿ ಜೋಳ, ಕಡಲೆಗಳ ಕರಿಮಣ್ಣಿನ ಹೊಲಗಳ ನಡುವೆ ಇರುವ ಈ ನೀರಿನ ನೆಲೆಗಳು ಹಕ್ಕಿಗಳಿಗೆ ಹಗಲಿನ ವಿಶ್ರಾಂತಿಸ್ಥಾನಗಳು.

ಈ ಅತಿಥಿಗಳನ್ನು ನಮ್ಮ ನಾಡು ಎಲ್ಲ ಕಾಲದಲ್ಲಿಯೂ ಅತಿಥಿಗಳಂತೆ ಕಂಡಿತೆಂದು ಹೇಳುವಂತಿಲ್ಲ. ಬಂದೂಕು ಹಿಡಿದು ಕೆರೆಯ ಏರಿಯ ಮರೆಯಲ್ಲಿ ಕಾದವರ ಇತಿಹಾಸವೂ ಉಂಟು. ಗುಂಡು ಹಾರಿಸಿದವನ ಹೆಸರನ್ನು ಮಾತ್ರ ನೆನೆಯುವುದು ಆ ಇತಿಹಾಸದ ವಾಡಿಕೆ. ಹಕ್ಕಿ ಇರುವ ಎಡೆಯನ್ನು ತೋರಿಸಿದವನು, ಎಬ್ಬಿಸಿದವನು, ಬಿದ್ದುದನ್ನು ಹೆಕ್ಕಿ ತಂದ ನಾಯಿ, ಮನೆಯಲ್ಲಿ ಕಾದು ಉಂಡವರು ಇವರೆಲ್ಲರ ಪಾಲನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಈ ವಿಚಾರ ನನ್ನಲ್ಲಿ ಹುಟ್ಟಿದ್ದು ಗ್ರಂಥಗಳಿಂದಲ್ಲ. 1960ರ ದಶಕದಲ್ಲಿ, ನಾನು ಹತ್ತು ವರ್ಷದವನಿದ್ದಾಗ, ಅಫಜಲಪುರ ತಾಲೂಕಿನ ನಮ್ಮ ಊರಿಗೆ ಒಂದು ಚಳಿಗಾಲದ ಬೆಳಗ್ಗೆ ಜೀಪೊಂದು ಬಂದಿತು. ಅದರಲ್ಲಿ ಬಂದೂಕುಧಾರಿಗಳಾದ ಇಬ್ಬರು ಗೃಹಸ್ಥರು, ಅವರ ಮನೆಯ ಹೆಂಗಸರು ಮಕ್ಕಳು ಮತ್ತು ಕಂದುಬಣ್ಣದ ಒಂದು ನಾಯಿ ಇದ್ದವು. ಹಕ್ಕಿಗಳು ಯಾವ ಕೆರೆಯಲ್ಲಿ ಇಳಿದಿವೆ ಎಂದು ಅವರು ಕೇಳಿದರು. ಜೀಪಿನಲ್ಲಿ ಕೂರುವ ಆಸೆಯಿಂದ ನಾನೇ ಮುಂದಾಗಿ ದಾರಿ ತೋರಿಸಿದೆನು. ಹಿಂದಿರುಗುವಾಗ ಅವರು ನನಗೆ ಹಿತ್ತಾಳೆ ತಳದ ಖಾಲಿ ಕಾಡತೂಸೊಂದನ್ನು ಬಹುಮಾನವಾಗಿ ಕೊಟ್ಟರು. ಅದನ್ನು ನಮ್ಮ ಆಯಿಗೆ ಹೆಮ್ಮೆಯಿಂದ ತೋರಿಸಿದಾಗ ಆಕೆ ಬೈಯಲಿಲ್ಲ. "ಹಕ್ಕಿ ಎಲ್ಲಿ ಕುಂತಾವ ಅಂತ ಅವರಿಗೆ ಯಾರು ತೋರಿಸಿದ್ರಪಾ?" ಎಂದಷ್ಟೇ ಕೇಳಿದಳು. ಮರುದಿನ ಆಕೆ ಉಪವಾಸವಿದ್ದಳು. ಕಾರಣವನ್ನು ಯಾರಿಗೂ ಹೇಳಲಿಲ್ಲ. ನನಗೆ ಮಾತ್ರ ಅದು ತಿಳಿದಿತ್ತು.

ಕಲ್ಲಿನಲ್ಲಿ ಉಳಿದ ನಾಯಿ

ಬೇಟೆಯೂ ಬೇಟೆನಾಯಿಯೂ ಕನ್ನಡ ನಾಡಿಗೆ ಹೊಸತಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಪ್ರಸಿದ್ಧ ಶಾಸನವು ಕ್ರಿ.ಶ. 949–50ರ ಕಾಲದ್ದು. ಆಗ ಕನ್ನಡ ನಾಡಿನ ಬಹುಭಾಗವನ್ನು ಮಾನ್ಯಖೇಟದ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದ, ರಾಷ್ಟ್ರಕೂಟ ಮೂರನೆಯ ಕೃಷ್ಣನು ಆಳುತ್ತಿದ್ದನು. ತಕ್ಕೋಲದ ಯುದ್ಧದಲ್ಲಿ ಅವನ ಪರವಾಗಿ ಹೋರಾಡಿದ ಗಂಗ ಬೂತುಗನು ತನ್ನ ವೀರನಾದ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ, ಬೇಕಾದುದನ್ನು ಬೇಡೆಂದಾಗ, ಮಣಲೇರನು ಬೇಡಿದ್ದು 'ಕಾಳಿ' ಎಂಬ ನಾಯಿಯನ್ನು. ಆ ನಾಯಿಯನ್ನು ಕಾಡುಹಂದಿಯೊಂದರ ಮೇಲೆ ಬಿಡಲಾಯಿತು; ಹೋರಾಡಿ ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಂತಿತು, ಭೂಮಿಯೂ ದತ್ತಿಯಾಯಿತು. ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಸ್ವಾಮಿಭಕ್ತಿಯ ಕುರುಹಾಗಿ ಈ ಶಾಸನವನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಕಾಳಿಗೆ ಆ ಹಂದಿಯ ಮೇಲೆ ತನ್ನದೆಂಬ ವೈರವಿರಲಿಲ್ಲ. ವೈರವನ್ನು ಕಲಿಸಿದವರು ಮನುಷ್ಯರು.

ಇದೇ ಶತಮಾನದಲ್ಲಿ ಇದೇ ಮಾನ್ಯಖೇಟದಲ್ಲಿ ಕುಳಿತು ಪುಷ್ಪದಂತ ಕವಿಯು ಯಶೋಧರನ ಕಥೆಯನ್ನು ಅಪಭ್ರಂಶದಲ್ಲಿ ರಚಿಸಿದನು. 1209ರಲ್ಲಿ ಜನ್ನನು ಅದನ್ನು ಕನ್ನಡದಲ್ಲಿ ಹಾಡಿದುದು ವಾಚಕರಿಗೆಲ್ಲ ವಿದಿತವೇ ಆಗಿದೆ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪವೊಂದೇ ತಾಯಿಮಗನನ್ನು ಜನ್ಮಜನ್ಮಗಳಲ್ಲಿ ಅಲೆಯಿಸಿತು. ಅವರ ಮುಂದಿನ ಜನ್ಮದಲ್ಲಿ ಮಗನು ನವಿಲಾಗಿ, ತಾಯಿಯು ನಾಯಿಯಾಗಿ ಹುಟ್ಟುತ್ತಾರೆ. ನಾಯಿಯೇ ನವಿಲನ್ನು ಕಚ್ಚಿ ಕೊಲ್ಲುತ್ತದೆ. ಬೇಟೆಗೆ ಹೊರಟ ಯಶೋಮತಿ ರಾಜನು ಸುದತ್ತ ಮುನಿಯನ್ನು ಅಪಶಕುನವೆಂದು ಬಗೆದು ಬೇಟೆನಾಯಿಗಳನ್ನು ಛೂ ಬಿಟ್ಟಾಗ, ಅವು ಮುನಿಯನ್ನು ಕಚ್ಚದೆ ತಲೆಬಾಗಿ ನಿಲ್ಲುತ್ತವೆ. ಆಗ ರಾಜನ ಕೈ ತಡೆದು, ಈ ಮುನಿಯು ಹಿಂದೆ ಕಳಿಂಗದ ಅರಸನಾಗಿದ್ದವನೆಂದು ತಿಳಿಹೇಳಿದವನು ಕಲ್ಯಾಣಮಿತ್ರನೆಂಬ ವರ್ತಕ. ಆ ಅರಸನಿಗಿಂತ ಅವನ ನಾಯಿಗಳು ಮೊದಲು ಅರಿತವು ಎಂಬುದನ್ನು ಕಥೆ ನಮ್ಮೆದುರು ಇಟ್ಟಿದೆ.

ವಿನೋದವಾಗಿ ಬೆಳೆದ ಬೇಟೆ

ಹಸಿವಿಗಾಗಿ ಬಲೆಯೊಡ್ಡುವವರು ಹಿಂದೆಯೂ ಇದ್ದರು. ಬಾತುಬೇಟೆಯು ಗೌರವದ ವಿನೋದವೆನಿಸಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಜೋಡುನಳಿಗೆಯ ಚರೆಬಂದೂಕು ಬಂದ ಮೇಲೆ. ಗುಲ್ಬರ್ಗ ಸೀಮೆಯು 1948ರವರೆಗೆ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಸರ್ಕಾರಿ ಭೂಮಿಯೊಂದಿಗೆ ಜಾಗೀರುಗಳೂ ಪಾಯಗಾ ಪ್ರದೇಶಗಳೂ ಇಲ್ಲಿದ್ದವು. ಶಿಕಾರಿಯು ಆ ಸಂಸ್ಥಾನದ ದರ್ಬಾರಿ ಜೀವನದ ಅಂಗವಾಗಿತ್ತು. ಆರನೆಯ ನಿಜಾಮರಾದ ಮಹಬೂಬ್ ಅಲಿ ಖಾನರ ಶಿಕಾರಿ ಬಿಡಾರಗಳು ಛಾಯಾಚಿತ್ರಗಳಲ್ಲಿ ಇಂದಿಗೂ ಉಳಿದಿವೆ. ಅಧಿಕಾರಿಗಳೂ ಜಾಗೀರುದಾರರೂ ಅತಿಥಿಗಳನ್ನು ಸತ್ಕರಿಸುವ ಬಗೆಗಳಲ್ಲಿ ಚಳಿಗಾಲದ ಬಾತುಬೇಟೆಯೂ ಒಂದಾಯಿತು.

ಕೆರೆಗಳನ್ನು ಕಟ್ಟಿದವರು ಹಕ್ಕಿಗಳಿಗೆ ಉಪಕಾರಿಗಳೂ ಆದರೆಂಬುದನ್ನು ಇಲ್ಲಿ ಮರೆಯಬಾರದು. ಜೇವರ್ಗಿಯ ದಕ್ಷಿಣಕ್ಕೆ, ಇಂದಿನ ಯಾದಗಿರಿ ಜಿಲ್ಲೆಯ ಸುರಪುರದ ಬಳಿ, ಬೇಡ ನಾಯಕರ ಕಾಲದ ಬೋನಾಳ ಕೆರೆಯಿದೆ. 1841ರಿಂದ 1853ರವರೆಗೆ ಸುರಪುರದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರನು ಅದನ್ನು ಜೀರ್ಣೋದ್ಧಾರ ಮಾಡಿಸಿದನೆಂದು ಹೇಳುತ್ತಾರೆ. ಈಗ ಅದು ಪಕ್ಷಿಧಾಮ. ಒಂದೇ ನೀರು ಒಂದು ಕಾಲಕ್ಕೆ ಬೇಟೆಯ ನೆಲೆಯೂ ಮತ್ತೊಂದು ಕಾಲಕ್ಕೆ ಅಭಯದ ನೆಲೆಯೂ ಆಗಬಲ್ಲದು.

ಬಾತುಬೇಟೆಯ ಕ್ರಮವನ್ನು ಅರಿತರೆ ಅದರಲ್ಲಿ ಎಷ್ಟು ಕೈಗಳು ಕೂಡಿವೆ ಎಂಬುದು ಸ್ಪಷ್ಟವಾಗುತ್ತದೆ. ಬಾತುಗಳು ಸಾಮಾನ್ಯವಾಗಿ ಹಗಲು ಬಯಲು ನೀರಿನಲ್ಲಿ ಗುಂಪಾಗಿ ತಂಗಿ, ಸಂಜೆಯಾದ ಮೇಲೆ ಮೇವಿಗೆ ಹಾರಿ, ನಸುಕಿನಲ್ಲಿ ಮರಳುತ್ತವೆ. ಅವು ಯಾವ ಕೆರೆಯಲ್ಲಿವೆ, ಯಾವ ದಿಕ್ಕಿನಿಂದ ಬರುತ್ತವೆ ಎಂಬುದು ಊರಿನವನಿಗಷ್ಟೇ ಗೊತ್ತು. ಆದುದರಿಂದ ಮೊದಲು ಬೇಕಾದವನು ದಾರಿ ತೋರುವ ಶಿಕಾರಿಯಾಳು. ಅವನು ಕತ್ತಲಿರುವಾಗಲೇ ಬೇಟೆಗಾರನನ್ನು ಜೊಂಡಿನ ಮರೆಯಲ್ಲಿ ಕೂರಿಸುತ್ತಾನೆ. ಕೆಲವೆಡೆ ಮರದಲ್ಲಿ ಕೊರೆದು ಬಣ್ಣ ಬಳಿದ ಹುಸಿ ಬಾತುಗಳನ್ನು ನೀರಿನಲ್ಲಿ ತೇಲಿಬಿಡುತ್ತಾರೆ. ತಮ್ಮವರೆಂದು ನಂಬಿ ನಿಜವಾದ ಹಕ್ಕಿಗಳು ಇಳಿಯುತ್ತವೆ. ಇನ್ನು ಕೆಲವೆಡೆ ಆಳುಗಳು ಎದುರು ದಡದಿಂದ ಗದ್ದಲವೆಬ್ಬಿಸಿ ಹಕ್ಕಿಗಳನ್ನು ಬಂದೂಕುಗಳ ಕಡೆಗೆ ಹಾರಿಸುತ್ತಾರೆ. ಒಂದು ಕಾಡತೂಸಿನಿಂದ ಹೊರಟ ಸೀಸದ ಚರೆಗಳು ಹರಡಿಕೊಂಡು ಹೋಗುವುದರಿಂದ ಗುಂಪಿನಲ್ಲಿ ಕೆಲವು ಕೂಡಲೆ ಸಾಯುತ್ತವೆ, ಕೆಲವು ಗಾಯಗೊಂಡು ದೂರದ ಜೊಂಡಿನಲ್ಲಿ ಬೀಳುತ್ತವೆ. ನೀರಿನ ತಳದಲ್ಲಿ ಉಳಿದ ಚರೆಗಳನ್ನು ಕಲ್ಲಹರಳೆಂದು ನುಂಗಿದ ಹಕ್ಕಿಗಳು ಸೀಸದ ವಿಷದಿಂದ ಮುಂದೆಯೂ ಸಾಯುತ್ತವೆ. ಈ ಕಾರಣಕ್ಕಾಗಿಯೇ ಅಮೆರಿಕದಲ್ಲಿ 1991ರಿಂದ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆಯನ್ನು ನಿಷೇಧಿಸಲಾಗಿದೆ.

ಬಿದ್ದ ಹಕ್ಕಿಯನ್ನು ತರಲು ಬೇಕಾದದ್ದು ನಾಯಿ. ಕೆನಡದ ನ್ಯೂಫೌಂಡ್‌ಲೆಂಡಿನ ಬೆಸ್ತರ ನಾಯಿಗಳಿಂದ ಇಂಗ್ಲೆಂಡಿನಲ್ಲಿ ಬೆಳೆಸಿದ ಲ್ಯಾಬ್ರಡಾರ್ ತಳಿಗೆ ಅಲ್ಲಿಯ ಕೆನೆಲ್ ಕ್ಲಬ್ 1903ರಲ್ಲಿ ಮನ್ನಣೆ ನೀಡಿತು. ಇವುಗಳ ಶಿಕ್ಷಣದಲ್ಲಿ ಮುಖ್ಯವಾದುದು ಬಾಯಿಯ ಮೃದುತ್ವ. ಹಕ್ಕಿಗೆ ಹಲ್ಲು ತಾಗದಂತೆ ಹಿಡಿದು ಒಡೆಯನ ಕೈಗೆ ಒಪ್ಪಿಸಬೇಕು. ಒಳ್ಳೆಯ ನಾಯಿ ಕೋಳಿಮೊಟ್ಟೆಯನ್ನೂ ಒಡೆಯದೆ ತರುವುದೆಂದು ಹೇಳುವುದುಂಟು. ಮನುಷ್ಯನು ಮೃಗದ ಬಾಯಿಗೆ ಮೃದುತ್ವವನ್ನು ಕಲಿಸಿ ತನ್ನ ಕೈಯನ್ನು ಮಾತ್ರ ಕಠಿನವಾಗಿಯೇ ಉಳಿಸಿಕೊಂಡನು. ನಾಯಿಯಿಲ್ಲದ ಕಡೆ ಊರಿನ ಹುಡುಗರೇ ಚಳಿಯ ನೀರಿಗೆ ಇಳಿಯುತ್ತಿದ್ದರು.

ಈ ವಿನೋದದ ತುತ್ತತುದಿಯನ್ನು ರಾಜಸ್ಥಾನದ ಭರತಪುರದಲ್ಲಿ ಕಾಣಬಹುದು. ಅಲ್ಲಿಯ ಮಹಾರಾಜರ ಕೆರೆಯಲ್ಲಿ 1938ರ ನವೆಂಬರ್ 12ರಂದು, ವೈಸರಾಯ್ ಲಿನ್‌ಲಿತ್‌ಗೋ ಅತಿಥಿಯಾಗಿದ್ದಾಗ, ಒಂದೇ ದಿನದಲ್ಲಿ 4,273 ಹಕ್ಕಿಗಳನ್ನು ಕೊಲ್ಲಲಾಯಿತು. ಅಲ್ಲಿ ನಡೆದ ಬೇಟೆಗಳ ದಿನಾಂಕ, ಬಂದೂಕುಗಳ ಸಂಖ್ಯೆ, ಸತ್ತ ಹಕ್ಕಿಗಳ ಲೆಕ್ಕ ಕಲ್ಲಿನಲ್ಲಿ ಕೆತ್ತಲ್ಪಟ್ಟಿವೆ. ಸ್ವಾತಂತ್ರ್ಯಾನಂತರ 1950, 60ರ ದಶಕಗಳಲ್ಲಿ ವಿದೇಶದ ಗಿರಾಕಿಗಳಿಂದ ಹಣ ಪಡೆದು ಬಿಡಾರ, ವಾಹನ, ಆಳುಕಾಳುಗಳನ್ನು ಒದಗಿಸಿ ಶಿಕಾರಿ ಮಾಡಿಸುವ ಕಂಪನಿಗಳೂ ದೇಶದಲ್ಲಿ ತಲೆಯೆತ್ತಿದವು. ಕೊಲೆಯು ಹೀಗೆ ಒಂದು ವ್ಯಾಪಾರವಾಯಿತು. ಕೊಂಡವನು ಹಣ ಕೊಟ್ಟೆನೆನ್ನುವನು, ಮಾರಿದವನು ದಾರಿಯನ್ನಷ್ಟೇ ತೋರಿಸಿದೆನೆನ್ನುವನು, ಎಬ್ಬಿಸಿದವನು ಕೂಲಿ ಮಾಡಿದೆನೆನ್ನುವನು, ಉಂಡವರು ಬಡಿಸಿದ್ದನ್ನು ಉಂಡೆವೆನ್ನುವರು. ಹಕ್ಕಿಯ ಸಾವು ಯಾರ ಲೆಕ್ಕಕ್ಕೂ ಪೂರ್ತಿಯಾಗಿ ಸೇರದೆ ಉಳಿಯುತ್ತದೆ.

ಆಚಾರ್ಯರ ಲೆಕ್ಕ

ಹೀಗೆ ಪಾಪವನ್ನು ಹಂಚಿ ಹಗುರಗೊಳಿಸುವ ಉಪಾಯವನ್ನು ನಮ್ಮ ಆಚಾರ್ಯರು ಒಪ್ಪಲಿಲ್ಲ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಕೃತ, ಕಾರಿತ, ಅನುಮತ ಎಂಬ ಮೂರನ್ನೂ, ಎಂದರೆ ತಾನೇ ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು ಇವನ್ನು, ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು ಹಂತಗಳನ್ನು ಮನ ವಚನ ಕಾಯಗಳಿಂದಲೂ, ಕೃತಾದಿ ಮೂರರಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿದಾಗ 108 ಭೇದಗಳಾಗುತ್ತವೆ. ನಮ್ಮ ಜಪಮಾಲೆಯ 108 ಮಣಿಗಳನ್ನು ಈ ಲೆಕ್ಕದೊಂದಿಗೆ ಕೂಡಿಸಿ ಹೇಳುವ ಸಂಪ್ರದಾಯವುಂಟು.

ಇದಕ್ಕಿಂತಲೂ ನೇರವಾದ ಮಾತನ್ನು ಅಕಲಂಕದೇವರು ಹೇಳಿದ್ದಾರೆ. ಎಂಟನೆಯ ಶತಮಾನದ ಈ ಮಹಾತಾರ್ಕಿಕರನ್ನು ಕಥಾಕೋಶಗಳ ಪರಂಪರೆಯು ಮಾನ್ಯಖೇಟದವರೆಂದೇ ಕರೆಯುತ್ತದೆ. ತಮ್ಮ ರಾಜವಾರ್ತಿಕದಲ್ಲಿ ಅನರ್ಥದಂಡವನ್ನು ವಿವರಿಸುವಾಗ ಪಾಪೋಪದೇಶದ ನಾಲ್ಕು ಬಗೆಗಳನ್ನು ಅವರು ಎಣಿಸುತ್ತಾರೆ. ಅವುಗಳಲ್ಲಿ ಒಂದು ವಧಕೋಪದೇಶ. ಬಲೆಗಾರರಿಗೂ ಹಕ್ಕಿ ಹಿಡಿಯುವವರಿಗೂ ಮೃಗಗಳು, ಹಕ್ಕಿಗಳು ಇಂತಹ ಸ್ಥಳದಲ್ಲಿವೆ ಎಂದು ತಿಳಿಸುವುದೇ ಅದರ ಲಕ್ಷಣ. ವಯಸ್ಸಾದ ಮೇಲೆ ಈ ಭಾಗವನ್ನು ಮೊದಲ ಬಾರಿ ಓದಿದಾಗ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಕುಳಿತೆನು. ಅಕ್ಷರ ಬಾರದ ನಮ್ಮ ಆಯಿ ಕೇಳಿದ ಪ್ರಶ್ನೆಯೂ ಆಚಾರ್ಯರ ಲಕ್ಷಣವೂ ಒಂದೇ ಆಗಿದ್ದವು.

ಇನ್ನೂ ಎರಡು ಮಾತುಗಳನ್ನು ಇಲ್ಲಿ ಸೇರಿಸಬೇಕು. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಶ್ರಾವಕನು ಬಿಡಬೇಕಾದ ಹದಿನೈದು ಜೀವನೋಪಾಯಗಳನ್ನು ಹೇಳುತ್ತದೆ. ಹಿಂಸಕ ಪ್ರಾಣಿಗಳನ್ನು ಲಾಭಕ್ಕಾಗಿ ಸಾಕುವುದು ಅವುಗಳಲ್ಲಿ ಒಂದು. ಕೆರೆಗಳನ್ನು ಬತ್ತಿಸುವುದು ಇನ್ನೊಂದು. ಸಮಂತಭದ್ರರು ರತ್ನಕರಂಡಕದಲ್ಲಿ ಹಿಂಸಾದಾನವನ್ನು, ಎಂದರೆ ಕೊಲ್ಲುವ ಸಾಧನಗಳನ್ನು ಇತರರಿಗೆ ಒದಗಿಸುವುದನ್ನು, ನಿಷೇಧಿಸಿದ್ದಾರೆ. ವರ್ತಕರಾದ ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದರಲ್ಲಿ ಅಡಗಿದೆ. ಬಂದೂಕನ್ನು ಮುಟ್ಟದ ಕೈ ಮದ್ದುಗುಂಡನ್ನು ತೂಗಿ ಮಾರಿದ್ದರೆ, ಶಿಕಾರಿಗೆ ಬಂದ ಅಧಿಕಾರಿಯ ಮುಂದೆ ನಸುನಕ್ಕು ನಿಂತಿದ್ದರೆ, ಅದು ಶುದ್ಧವಾದ ಕೈ ಎನ್ನಲಾದೀತೆ?

ಹಾಗಾದರೆ ಕೂಲಿಗಾಗಿ ದಾರಿ ತೋರಿಸಿದ ಬಡವನೂ ವಿನೋದಕ್ಕಾಗಿ ಕೊಂದ ಧನಿಕನೂ ಸಮಾನರೋ ಎಂಬ ಸಂದೇಹ ಸಹಜವಾಗಿದೆ. ಸಮಾನರಲ್ಲ. ಭಾವವು ತೀವ್ರವೋ ಮಂದವೋ, ತಿಳಿದು ಮಾಡಿದ್ದೋ ತಿಳಿಯದೆ ಮಾಡಿದ್ದೋ ಎಂಬುದನ್ನು ಅನುಸರಿಸಿ ಆಸ್ರವದಲ್ಲಿ ಭೇದವುಂಟೆಂದು ಅದೇ ತತ್ತ್ವಾರ್ಥಸೂತ್ರ ಹೇಳುತ್ತದೆ. ಒಕ್ಕಲಿಗನ ಉಳುಮೆಯಲ್ಲಿ ಆಗುವ ಹಿಂಸೆ ಬೇರೆ, ಸಂಕಲ್ಪಪೂರ್ವಕವಾದ ಬೇಟೆ ಬೇರೆ. ಬೇಟೆಯು ಸಪ್ತವ್ಯಸನಗಳಲ್ಲಿ ಒಂದು. ಮಕ್ಕಳ ಹೊಟ್ಟೆಗಾಗಿ ಜೊಂಡಿನಲ್ಲಿ ನಡೆದವನ ಪಾಲು ಕಿರಿದಾದೀತು. ಆದರೆ ಅದು ಇಲ್ಲವೆಂದು ಯಾರೂ ಹೇಳಲಾರರು. ಅವನಿಗೆ ಬೇರೆ ಜೀವನೋಪಾಯವನ್ನು ಒದಗಿಸದೆ ಉಪದೇಶವನ್ನು ಮಾತ್ರ ಮಾಡುವ ನಮಗೂ ಅದರಲ್ಲಿ ಪಾಲುಂಟು.

ಉಂಡವರ ವಿಷಯದಲ್ಲಿ ಮಳಖೇಡದ ಬಸದಿಯ ಭಗವಾನ್ ನೇಮಿನಾಥರ ಜೀವನವೇ ಉತ್ತರ. ಮದುವೆಯ ದಿಬ್ಬಣದಲ್ಲಿ ಬರುವಾಗ ಕಟ್ಟಿಹಾಕಿದ ಪ್ರಾಣಿಗಳ ಕೂಗನ್ನು ಕೇಳಿ, ಇವು ಯಾರಿಗಾಗಿ ಎಂದು ವಿಚಾರಿಸಿದಾಗ, ಮದುವೆಯ ಅತಿಥಿಗಳ ಊಟಕ್ಕಾಗಿ ಎಂಬ ಉತ್ತರ ಬಂದಿತು. ಅವರು ಕೊಂದಿರಲಿಲ್ಲ, ಕೊಲ್ಲಲು ಹೇಳಿಯೂ ಇರಲಿಲ್ಲ. ತಮ್ಮ ನಿಮಿತ್ತವಾಗಿ ಎಂಬುದೊಂದೇ ರಥವನ್ನು ತಿರುಗಿಸಲು ಸಾಕಾಯಿತು.

ಕಾಯ್ದೆಯೂ ಕಣ್ಣೂ

ಬಂದೂಕಿನಿಂದ ಆರಂಭಿಸಿ ಅಹಿಂಸೆಯ ಕಡೆಗೆ ತಿರುಗಿದವರೂ ಇತಿಹಾಸದಲ್ಲಿದ್ದಾರೆ. ಕಾಂಗ್ರೆಸ್ಸಿನ ಸ್ಥಾಪಕರಲ್ಲೊಬ್ಬನಾದ ಎ.ಒ. ಹ್ಯೂಮನು ಮಾರ್ಷಲನೊಡನೆ ಭಾರತದ ಬೇಟೆಹಕ್ಕಿಗಳನ್ನು ಕುರಿತು ಮೂರು ಸಂಪುಟಗಳನ್ನು 1879–81ರಲ್ಲಿ ಪ್ರಕಟಿಸಿದವನು. ಮುಂದೆ ಅವನು ಸಸ್ಯಾಹಾರಿಯಾದನು. ಹಕ್ಕಿಗಳನ್ನು ಕೊಲ್ಲುವುದನ್ನು ಬಿಟ್ಟನು. ತನ್ನ ಅಪಾರ ಪಕ್ಷಿಸಂಗ್ರಹವನ್ನು 1885ರಲ್ಲಿ ಬ್ರಿಟಿಷ್ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದನು.

ದೇಶದ ಕಾಯ್ದೆ ತಡವಾಗಿಯಾದರೂ ಅದೇ ದಿಕ್ಕಿಗೆ ಬಂದಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಸಣ್ಣ ಬೇಟೆಗೆ ಪರವಾನಗಿ ನೀಡುವ ಅವಕಾಶ ಮೊದಲು ಉಳಿದಿತ್ತು. 1991ರ ತಿದ್ದುಪಡಿಯಿಂದ ಅದು ರದ್ದಾಯಿತು. ಈ ಕಾಯ್ದೆಯಲ್ಲಿ ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ. ಪ್ರಾಣಿಯನ್ನು ಅಟ್ಟುವುದು, ಆಮಿಷವೊಡ್ಡುವುದು, ಕೊಲ್ಲಲು ಯತ್ನಿಸುವುದೂ ಬೇಟೆಯೇ. ಅಪರಾಧಕ್ಕೆ ಕುಮ್ಮಕ್ಕು ನೀಡಿದವನನ್ನೂ ಅಪರಾಧ ಮಾಡಿದವನಂತೆಯೇ ಅದು ಎಣಿಸುತ್ತದೆ. ಸಾವಿರದಿನ್ನೂರು ವರ್ಷಗಳ ಹಿಂದೆ ಅಕಲಂಕರು ಹೇಳಿದ ವಧಕೋಪದೇಶವನ್ನು ನ್ಯಾಯಾಲಯದ ಭಾಷೆಯಲ್ಲಿ ಇಲ್ಲಿ ಕಾಣಬಹುದು. ಭರತಪುರದ ಬೇಟೆಯ ಕೆರೆಯು 1982ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು.

ಕಾಯ್ದೆಯಿಂದ ಬಂದೂಕು ಕೆಳಗಿಳಿಯಬಹುದು. ಶಿಕಾರಿಯಾಳಿನ ಹೊಟ್ಟೆ ತುಂಬದು. ಅವನ ಕಣ್ಣಿನಲ್ಲಿರುವ ವಿದ್ಯೆಗೆ ಬೇರೆ ದಾರಿ ಬೇಕು. ಇದಕ್ಕೆ ಉತ್ತಮ ನಿದರ್ಶನವು ಸುದತ್ತ ಮುನಿಯು ಆಳಿದನೆನ್ನಲಾದ ಕಳಿಂಗ ದೇಶದಲ್ಲಿಯೇ, ಇಂದಿನ ಒಡಿಶಾದಲ್ಲಿ, ದೊರೆಯುತ್ತದೆ. ಚಿಲಿಕಾ ಸರೋವರದ ಉತ್ತರ ಅಂಚಿನ ಮಂಗಳಾಜೋಡಿ ಗ್ರಾಮವು ಒಂದು ಕಾಲಕ್ಕೆ ಬಾತುಗಳನ್ನು ಕೊಂದು ಮಾರುವವರಿಗೆ ಹೆಸರಾಗಿತ್ತು. 2000ದ ಸುಮಾರಿಗೆ ಆ ಬೇಟೆಗಾರರೇ ಮನಸ್ಸು ತಿರುಗಿಸಿ ಹಕ್ಕಿಗಳ ಕಾವಲಿಗೆ ಸಂಘ ಕಟ್ಟಿದರು. ಅದರ ಹೆಸರು ಶ್ರೀ ಮಹಾವೀರ ಪಕ್ಷಿ ಸುರಕ್ಷಾ ಸಮಿತಿ. ಜೊಂಡಿನ ನಡುವೆ ಹಕ್ಕಿ ಎಲ್ಲಿದೆ ಎಂದು ಬಲ್ಲ ಅದೇ ಕಣ್ಣುಗಳು ಈಗ ದೋಣಿಯಲ್ಲಿ ಯಾತ್ರಿಕರನ್ನು ಕರೆದೊಯ್ದು ತೋರಿಸುತ್ತವೆ. ಅದರಿಂದಲೇ ಸಂಪಾದನೆಯೂ ಆಗುತ್ತದೆ. ನಮ್ಮ ರಾಜ್ಯದಲ್ಲಿಯೂ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಪ್ರತಿ ಚಳಿಗಾಲದಲ್ಲಿ ಬರುತ್ತವೆ. 2024ರಲ್ಲಿ ಅದಕ್ಕೆ ರಾಮ್ಸಾರ್ ಮನ್ನಣೆ ದೊರೆಯಿತು.

ಆಳಂದ, ಅಫಜಲಪುರ, ಜೇವರ್ಗಿಗಳ ಧರ್ಮಬಂಧುಗಳಿಗೆ ಇದರಿಂದ ಎರಡು ಕರ್ತವ್ಯಗಳು ಒದಗುತ್ತವೆ. ಒಂದು, ನಮ್ಮ ಊರಿನ ಕೆರೆಗಳು ಒತ್ತುವರಿಯಿಂದಲೂ ಹೂಳಿನಿಂದಲೂ ಬತ್ತದಂತೆ ಕಾಯುವುದು. ಬಂದೂಕು ಮೌನವಾದ ಮೇಲೂ ನೀರಿಲ್ಲದೆ ಹಕ್ಕಿಗೆ ಅಭಯವಿಲ್ಲ. ಸರೋವರಶೋಷಣವೂ ನಿಷಿದ್ಧ ಕರ್ಮವೆಂದು ಮೇಲೆ ಕಂಡಿದ್ದೇವೆ. ಎರಡು, ಕದ್ದು ಬಲೆಯೊಡ್ಡುವವನು ಬಡವನಾಗಿದ್ದರೆ ಅವನಿಗೆ ಬೇರೆ ದುಡಿಮೆಯನ್ನು ಹುಡುಕಿಕೊಡುವುದು. ಪರ್ಯೂಷಣ ಪರ್ವದಲ್ಲಿ ನಾವು ಮಾಡುವ ಜೀವದಯಾ ದಾನದ ಒಂದಂಶ ಇದಕ್ಕೆ ಸಲ್ಲುವುದಾದರೆ ಅದು ಸಾರ್ಥಕವಾದೀತು.

ಆ ಖಾಲಿ ಕಾಡತೂಸು ಬಹಳ ವರ್ಷ ನನ್ನ ಬಳಿಯಿತ್ತು. ಈಗ ಚಳಿಗಾಲದಲ್ಲಿ ಮೊಮ್ಮಕ್ಕಳನ್ನು ಅದೇ ಕೆರೆಯ ಏರಿಗೆ ಕರೆದೊಯ್ದು, ಹಕ್ಕಿಗಳು ಕುಳಿತ ಎಡೆಯನ್ನು ತೋರಿಸುತ್ತೇನೆ. ತೋರಿಸುವ ಮೊದಲು, ಕೇಳುವವರ ಕೈಯಲ್ಲಿ ಏನಿದೆ ಎಂದು ನೋಡಿಕೊಳ್ಳಬೇಕೆಂಬುದನ್ನೂ ಅವರಿಗೆ ಹೇಳಿದ್ದೇನೆ.